ಮುಂಭಾಗ ಎತ್ತಿಸಿದ ಪಿಕಪ್‌ಗೆ ವೀಲ್ ಅಲೈನ್‌ಮೆಂಟ್: ಕಳೆದ ಕ್ಯಾಸ್ಟರ್ ಮರಳಿ ತರುವ ಬಗೆ

ಪಿಕಪ್‌ಗೆ 50 ಮಿ.ಮೀ. ಲಿಫ್ಟ್ ಹಾಕಿ ಮೊದಲ ಸಲ ಹೆದ್ದಾರಿಗೆ ಇಳಿಸಿದಾಗ ಸ್ಟೀರಿಂಗ್ ಹಗುರಾಗಿ, ಚಕ್ರಕ್ಕೂ ಕೈಗೂ ಸಂಬಂಧವೇ ಇಲ್ಲದಂತೆ ಅನಿಸುವುದುಂಟು. ನೇರ ರಸ್ತೆಯಲ್ಲೂ ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆಯುತ್ತದೆ. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಅಲೈನ್‌ಮೆಂಟ್‌ಗೆ ಒಯ್ದರೆ ಟೋ ತಿದ್ದಿ, ಪರದೆಯಲ್ಲಿ ಆ ಒಂದು ಸಂಖ್ಯೆ ಹಸಿರಾದದ್ದನ್ನು ತೋರಿಸಿ ಕಳಿಸಿಬಿಡುತ್ತಾರೆ. ಟೈರ್ ಸವೆತ ಕಡಿಮೆಯಾಗುತ್ತದೆ, ಅಲೆದಾಟ ಹಾಗೇ ಉಳಿಯುತ್ತದೆ. ಲಿಫ್ಟ್‌ನಿಂದ ಮುಖ್ಯವಾಗಿ ಕಳೆಯುವುದು ಕ್ಯಾಸ್ಟರ್. ಚಕ್ರದ ಮೂರು ಕೋನಗಳಲ್ಲಿ (ಕ್ಯಾಸ್ಟರ್, ಕ್ಯಾಂಬರ್, ಟೋ) ಮರಳಿ ತರಲು ಅತಿ ಕಷ್ಟವಾದದ್ದೂ ಅದೇ. ಅದನ್ನು ಬಿಟ್ಟು ಉಳಿದೆರಡನ್ನು ಎಷ್ಟೇ ತಿದ್ದಿದರೂ ಗಾಡಿ ನೆಟ್ಟಗೆ ಓಡುವುದಿಲ್ಲ.

ಕೋನಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ಗಾಡಿಯ ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಮೇಲಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚುಗಳು ಪರಸ್ಪರ ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್. ಪಕ್ಕದಿಂದ ನೋಡಿದಾಗ, ಚಕ್ರವನ್ನು ಸಸ್ಪೆನ್ಷನ್‌ನ ಆರ್ಮ್‌ಗಳಿಗೆ ಜೋಡಿಸುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳನ್ನು ಸೇರಿಸುವ ಗೆರೆ ಹಿಂದಕ್ಕೆ ವಾಲಿದ್ದರೆ ಪಾಸಿಟಿವ್ ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ವಾಲಿರುವುದೂ ಇದೇ ಕಾರಣಕ್ಕೆ. ಕೈ ಬಿಟ್ಟರೂ ಚಕ್ರ ನೇರಕ್ಕೆ ಮರಳಬೇಕು.

ಲಿಫ್ಟ್ ಹಾಕಿದಾಗ ಆಗುವುದೇನು

ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್‌ನಂಥ ಪಿಕಪ್‌ಗಳ ಮುಂದೆ ಎರಡು ಆರ್ಮ್‌ಗಳ ಸ್ವತಂತ್ರ ಸಸ್ಪೆನ್ಷನ್ ಇದೆ. ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಗಾಡಿ ಎದ್ದಾಗ ಚ್ಯಾಸಿಸ್ ಮೇಲೇರುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ, ಆರ್ಮ್‌ಗಳ ಹೊರತುದಿ ಕೆಳಮುಖವಾಗುತ್ತದೆ. ಬ್ರೇಕ್ ಹಾಕಿದಾಗ ಮೂತಿ ಕುಸಿಯದಿರಲೆಂದು ಮೇಲಿನ (ಅಪ್ಪರ್) ಆರ್ಮ್ ಅನ್ನು ಚ್ಯಾಸಿಸ್‌ಗೆ ಸೇರಿಸುವ ರಬ್ಬರ್ ಬುಷ್‌ಗಳ ಸಾಲನ್ನು ಮುಂದೆ ಎತ್ತರ, ಹಿಂದೆ ತಗ್ಗು ಆಗುವಂತೆ ಕೊಂಚ ಓರೆಯಾಗಿ ಕೂರಿಸಿರುತ್ತಾರೆ. ಈ ಓರೆಯಿಂದಾಗಿ ಆರ್ಮ್ ಕೆಳಗಿಳಿದಂತೆ ಮೇಲಿನ ಬಾಲ್ ಜಾಯಿಂಟ್ ಮುಂದಕ್ಕೂ ಸರಿಯುತ್ತದೆ. ತಲೆ ಮುಂದೆ ಬಂತೆಂದರೆ ಕ್ಯಾಸ್ಟರ್ ಹೋಯಿತು. 50 ಮಿ.ಮೀ. ಲಿಫ್ಟ್‌ಗೆ 1 ಡಿಗ್ರಿಯ ಆಸುಪಾಸು ಕಳೆಯುವುದು ಸಾಮಾನ್ಯ. ಕಂಪನಿಯ ಅಳತೆಯೇ 2–3 ಡಿಗ್ರಿ ಇರುವ ಗಾಡಿಗೆ ಅದು ದೊಡ್ಡ ಪಾಲು.

ಇದಕ್ಕೊಂದು ಚಿಕ್ಕ ಪರಿಹಾರ ತಾನಾಗಿ ಸಿಗುತ್ತದೆ. ಮುಂಭಾಗವನ್ನು ಮಾತ್ರ ಎತ್ತಿದರೆ ಇಡೀ ಗಾಡಿಯೇ ಹಿಂದಕ್ಕೆ ವಾಲುತ್ತದೆ. 3,000 ಮಿ.ಮೀ. ವೀಲ್‌ಬೇಸ್‌ನ ಗಾಡಿಯ ಮೂತಿ 50 ಮಿ.ಮೀ. ಎದ್ದರೆ ವಾಲುವುದು ಸುಮಾರು 0.95 ಡಿಗ್ರಿ, ಅಷ್ಟೂ ಕ್ಯಾಸ್ಟರ್‌ಗೆ ಕೂಡುತ್ತದೆ. ಆರು ತಿಂಗಳ ನಂತರ ಹಿಂದೆಯೂ ಎತ್ತರ ಹೆಚ್ಚಿಸುವ ಬ್ಲಾಕ್ ಹಾಕಿಸಿ ಗಾಡಿಯನ್ನು ಸಮ ಮಾಡಿಕೊಂಡರೆ ಈ ಲಾಭ ಹೋಗುತ್ತದೆ. ‘ಹಿಂದಿನ ಕೆಲಸ ಮಾಡಿಸಿದ್ದು, ಮುಂದಿನ ಸ್ಟೀರಿಂಗ್ ಯಾಕೆ ಹಾಳಾಯಿತು’ ಎಂಬ ಪ್ರಶ್ನೆಗೆ ಉತ್ತರ ಇದೇ. ಹಾಗಾಗಿ ಹಿಂದಿನ ಎತ್ತರ ಬದಲಾದಾಗಲೂ ಮುಂದಿನ ಅಲೈನ್‌ಮೆಂಟ್ ನೋಡಲೇಬೇಕು.

ಕ್ಯಾಂಬರ್ ಯಾವ ಕಡೆ ಹೋಗುತ್ತದೆ ಎಂಬುದು ಅಪ್ಪರ್ ಆರ್ಮ್ ಮೊದಲು ಹೇಗೆ ನಿಂತಿತ್ತು ಎಂಬುದರ ಮೇಲಿದೆ. ಅದರ ಹೊರತುದಿ ಮೇಲ್ಮುಖವಾಗಿದ್ದರೆ, ಇಳಿಯುವಾಗ ಮೊದಲು ಬಾಲ್ ಜಾಯಿಂಟ್ ಹೊರಕ್ಕೆ ಸರಿದು ಕ್ಯಾಂಬರ್ ಪಾಸಿಟಿವ್ ಆಗುತ್ತದೆ. ಆರ್ಮ್ ಮಟ್ಟದ ಗೆರೆ ದಾಟಿ ಕೆಳಮುಖವಾದ ಮೇಲೆ, ಗಿಡ್ಡದಾದ್ದರಿಂದ ಬೇಗ ಒಳಕ್ಕೆ ಸೆಳೆದು ನೆಗೆಟಿವ್ ಮಾಡುತ್ತದೆ. ಆದ್ದರಿಂದ ಒಂದೇ ಮಾದರಿಯ ಗಾಡಿಯಲ್ಲಿ 30 ಮಿ.ಮೀ. ಲಿಫ್ಟ್ ಮತ್ತು 75 ಮಿ.ಮೀ. ಲಿಫ್ಟ್ ಬೇರೆ ಬೇರೆ ದಿಕ್ಕಿನ ದೋಷ ಕೊಡಬಹುದು. ಅಂದಾಜು ಬಿಟ್ಟು ಅಳೆಯಿರಿ.

ಟೋ ಕೆಡುವುದಕ್ಕೆ ಟೈ ರಾಡ್ (ಸ್ಟೀರಿಂಗ್‌ನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಕಾರಣ. ಅದೂ ಆರ್ಮ್‌ಗಳ ಜೊತೆ ಕೆಳಮುಖವಾಗುತ್ತದೆ, ಆದರೆ ಅದರ ಉದ್ದವೇ ಬೇರೆ, ಅದು ಎಳೆಯುವ ವೃತ್ತವೇ ಬೇರೆ. ಟೈ ರಾಡ್ ಒಳಗೆಳೆದದ್ದು ಆರ್ಮ್‌ಗಳು ಒಳಗೆಳೆದದ್ದಕ್ಕಿಂತ ಹೆಚ್ಚಾದರೆ, ಸ್ಟೀರಿಂಗ್ ರ‍್ಯಾಕ್ ಆಕ್ಸಲ್‌ಗಿಂತ ಮುಂದಿರುವ ಗಾಡಿಯಲ್ಲಿ ಟೋ-ಇನ್ ಆಗುತ್ತದೆ, ಹಿಂದಿರುವ ಗಾಡಿಯಲ್ಲಿ ಟೋ-ಔಟ್. ಟೈ ರಾಡ್ ತುಂಬಾ ಇಳಿಜಾರಾಗಿ ನಿಂತಿದ್ದರೆ ಪ್ರತಿ ಹಳ್ಳಕ್ಕೂ ಟೋ ಬದಲಾಗುತ್ತದೆ, ಗಾಡಿ ಉಬ್ಬು ಹತ್ತಿದಾಗಲೆಲ್ಲ ಪಕ್ಕಕ್ಕೆ ಚಿಮ್ಮುತ್ತದೆ. ಇದೇ ಬಂಪ್ ಸ್ಟಿಯರ್. ನಿಂತ ಗಾಡಿಯಲ್ಲಿ ಟೋ ಎಷ್ಟೇ ನಿಖರವಾಗಿ ಕೂರಿಸಿದರೂ ಇದು ಹೋಗುವುದಿಲ್ಲ. ಎತ್ತರ ಇಳಿಸಬೇಕು, ಇಲ್ಲವೇ ಕ್ರಾಸ್‌ಮೆಂಬರ್ (ಚ್ಯಾಸಿಸ್‌ನ ಅಡ್ಡತೊಲೆ) ಮತ್ತು ಡಿಫರೆನ್ಷಿಯಲ್ ಅನ್ನೇ ಕೆಳಗಿಳಿಸುವ ಬ್ರ್ಯಾಕೆಟ್ ಕಿಟ್ ಹಾಕಬೇಕು. ಬ್ರ್ಯಾಕೆಟ್ ಇಲ್ಲದೆ ಸ್ವತಂತ್ರ ಸಸ್ಪೆನ್ಷನ್ ಅನ್ನು 50–65 ಮಿ.ಮೀ. ದಾಟಿಸದಿರುವುದೇ ಒಳ್ಳೆಯದು.

ಯಾವ ಬಗೆಯ ಲಿಫ್ಟ್ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಶಾಕ್‌ನ ತಲೆಯ ಮೇಲೆ ಕೂರುವ ಸ್ಪೇಸರ್ ಹಾಕಿದರೆ ಗಾಡಿ ಏರುವುದು ಸ್ಪೇಸರ್‌ನ ದಪ್ಪಕ್ಕಿಂತ ಹೆಚ್ಚು. ಶಾಕ್ ಕೂರುವುದು ಲೋವರ್ ಆರ್ಮ್‌ನ ನಡುವೆ, ಚಕ್ರ ಇರುವುದು ತುದಿಯಲ್ಲಿ. 25 ಮಿ.ಮೀ. ಸ್ಪೇಸರ್ ಹಲವು ಪಿಕಪ್‌ಗಳಲ್ಲಿ 50 ಮಿ.ಮೀ.ಗೆ ಹತ್ತಿರ ಎತ್ತುತ್ತದೆ. ಇದರ ಇನ್ನೊಂದು ಪರಿಣಾಮ ಹಲವರ ಗಮನಕ್ಕೆ ಬರುವುದಿಲ್ಲ: ಚಕ್ರ ನೆಲ ಬಿಟ್ಟು ಪೂರ್ತಿ ಕೆಳಗೆ ತೂಗಿದಾಗಲೂ ಅದು ಮೊದಲಿಗಿಂತ ಅಷ್ಟೇ ಕೆಳಗೆ ಇಳಿಯುತ್ತದೆ. ಆಗ ಅಪ್ಪರ್ ಬಾಲ್ ಜಾಯಿಂಟ್ ತನ್ನ ಕೊನೆಯ ಕೋನ ಮುಟ್ಟಿ ಬಿಗಿಯುತ್ತದೆ, ಆರ್ಮ್ ಸ್ಪ್ರಿಂಗ್‌ಗೆ ತಾಗುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಬಾಗುವ ಕೀಲು (ಸಿ.ವಿ. ಜಾಯಿಂಟ್) ಅತಿಯಾಗಿ ಬಾಗುತ್ತದೆ. ಉದ್ದದ ಅಥವಾ ಗಟ್ಟಿ ಸ್ಪ್ರಿಂಗ್‌ನಿಂದ ಎತ್ತಿದರೆ ಶಾಕ್‌ನ ಉದ್ದ ಅಷ್ಟೇ ಇರುವುದರಿಂದ ಈ ತೊಂದರೆ ಕಡಿಮೆ, ಆದರೆ ತೂಗಲು ಉಳಿಯುವ ಜಾಗವೂ ಕಡಿಮೆ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು) ತಿರುಗಿಸಿ ಎತ್ತಿದ ಗಾಡಿಯ ಕಥೆಯೂ ಇದೇ.

ಅಳೆಯುವ ಮೊದಲು

ಸಾಧ್ಯವಿದ್ದರೆ ಲಿಫ್ಟ್‌ಗೆ ಮೊದಲೇ ಅಲೈನ್‌ಮೆಂಟ್ ಅಳತೆ ಮಾಡಿಸಿ ಆ ಕಾಗದ ಇಟ್ಟುಕೊಳ್ಳಿ. ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಚಕ್ರಗಳಲ್ಲಿ ಬರೆದಿಡಿ. ನಂತರ ಏನು ಕೆಟ್ಟಿದೆ, ಏನು ಮೊದಲೇ ಕೆಟ್ಟಿತ್ತು ಎಂದು ಬಿಡಿಸಲು ಬೇರೆ ದಾರಿಯಿಲ್ಲ.

ಲಿಫ್ಟ್ ಕೆಲಸದಲ್ಲಿ ಅತಿ ಹೆಚ್ಚು ತಪ್ಪುವ ಹೆಜ್ಜೆ ಬುಷ್ ಬಿಗಿಯುವುದು. ಆರ್ಮ್‌ಗಳ ರಬ್ಬರ್ ಬುಷ್ ತಿರುಗುವ ಬೇರಿಂಗ್‌ನಂತೆ ಕೆಲಸ ಮಾಡುವುದಿಲ್ಲ. ಒಳಗಿನ ಉಕ್ಕಿನ ನಳಿಗೆಯನ್ನು ಬೋಲ್ಟ್ ಹಿಡಿದಿಡುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಅದು ಹೆಚ್ಚುವರಿ ಸ್ಪ್ರಿಂಗ್‌ನಂತೆ ಗಾಡಿಯನ್ನು ಎತ್ತಿ ಹಿಡಿದು, ಕೆಲವು ತಿಂಗಳಲ್ಲಿ ಹರಿಯುತ್ತದೆ. ಹರಿದ ಮೇಲೆ ಎತ್ತರ ಇಳಿದು, ಕಷ್ಟಪಟ್ಟು ಕೂರಿಸಿದ ಅಲೈನ್‌ಮೆಂಟ್ ಹೋಗುತ್ತದೆ. ಸರಿಯಾದ ಕ್ರಮ ಹೀಗೆ: ಬೋಲ್ಟ್‌ಗಳನ್ನು ಕೈಬಿಗಿ ಮಾಡಿ ಗಾಡಿಯನ್ನು ನೆಲಕ್ಕಿಳಿಸಿ, 3–4 ಮೀಟರ್ ಹಿಂದೆ ಮುಂದೆ ಉರುಳಿಸಿ, ಮುಂದಿನ ಬಂಪರ್ ಒತ್ತಿ ಕುಣಿಸಿ, ಆಮೇಲೆ ಗಾಡಿಯ ತೂಕ ಚಕ್ರದ ಮೇಲಿರುವಾಗಲೇ ಟಾರ್ಕ್ ಕೊಡಿ. ಕೆಳಗೆ ಹೋಗಲು ಜಾಗ ಬೇಕೆಂದರೆ ನಾಲ್ಕೂ ಚಕ್ರಗಳನ್ನು ರ‍್ಯಾಂಪ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ.

ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. ಲಿಫ್ಟ್ ಮುಗಿದ ದಿನವೇ ಟೋ ಮಾತ್ರ ಸರಿಮಾಡಿಕೊಂಡು 300–500 ಕಿ.ಮೀ. ಓಡಿಸಿ, ಆಮೇಲೆ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಟೋ ಕೂಡ ಮಾಡದೆ ಓಡಿಸಿದರೆ ಆ 500 ಕಿ.ಮೀ.ನಲ್ಲೇ ಹೊಸ ಟೈರಿನ ಅಂಚು ಗರಗಸದ ಹಲ್ಲಿನಂತಾಗಬಹುದು.

ಅಳತೆಯ ದಿನ ಗಾಡಿ ದಿನನಿತ್ಯದ ತೂಕದಲ್ಲಿರಲಿ. ವಿಂಚ್, ಉಕ್ಕಿನ ಬಂಪರ್, ಹಿಂದಿನ ಸಾಮಾನು ಪೆಟ್ಟಿಗೆ ಹಾಕುವ ಆಲೋಚನೆಯಿದ್ದರೆ ಅವನ್ನು ಹಾಕಿದ ಮೇಲೆ ಅಳೆಯಿರಿ. ನಾಲ್ಕೂ ಟೈರ್ ಒಂದೇ ಅಳತೆಯದು, ಗಾಳಿ ಸರಿಯಿರಬೇಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಸವೆದಿದೆ. ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸಿದಾಗ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್‌ನ ಬುಷ್. ಸವೆದ ಜಾಯಿಂಟ್ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ಗ್ಯಾರೇಜಿನ ಗೇಟು ದಾಟುವವರೆಗೆ ಮಾತ್ರ.

ಮನೆಯಲ್ಲೇ ಅಳೆಯುವುದು

ಲೇಸರ್ ಯಂತ್ರ ಇಲ್ಲದೆಯೂ ನಂಬಬಹುದಾದ ಅಳತೆ ಸಿಗುತ್ತದೆ. ಬೇಕಾದದ್ದು 0.1 ಡಿಗ್ರಿ ತೋರಿಸುವ ಡಿಜಿಟಲ್ ಆ್ಯಂಗಲ್ ಗೇಜ್, ರಿಮ್‌ನ ಮೇಲಂಚು ಕೆಳಂಚು ಮುಟ್ಟುವಷ್ಟು ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ, ಅಳತೆ ಟೇಪು, ಮತ್ತು ಪ್ರತಿ ಮುಂಚಕ್ರದ ಕೆಳಗೆ ಇಡಲು ನಡುವೆ ಗ್ರೀಸ್ ಬಳಿದ ಎರಡು ನುಣುಪು ತಗಡುಗಳು. ಹಿಂಚಕ್ರಗಳ ಕೆಳಗೂ ಅಷ್ಟೇ ದಪ್ಪದ ಹಲಗೆ ಇಡಿ. ನೆಲ ಎಡಬಲಕ್ಕೆ ಮಟ್ಟವಾಗಿದೆಯೇ ಎಂದು ಮೊದಲು ಗೇಜ್‌ನಲ್ಲೇ ನೋಡಿ, ವ್ಯತ್ಯಾಸವಿದ್ದರೆ ಕ್ಯಾಂಬರ್‌ನಲ್ಲಿ ಕಳೆಯಿರಿ ಅಥವಾ ಕೂಡಿ.

ಕ್ಯಾಂಬರ್ ಸುಲಭ. ಚಕ್ರ ನೇರ ಇಟ್ಟು, ಪಟ್ಟಿಯನ್ನು ರಿಮ್‌ಗೆ ಒತ್ತಿ ಓದಿಕೊಳ್ಳಿ. ರಿಮ್ ಸ್ವಲ್ಪ ಡೊಂಕಿರಬಹುದು, ಗಾಡಿಯನ್ನು ಅರ್ಧ ಸುತ್ತು ಉರುಳಿಸಿ ಮತ್ತೊಮ್ಮೆ ಓದಿ ಸರಾಸರಿ ತೆಗೆಯಿರಿ.

ಕ್ಯಾಸ್ಟರ್ ನೇರವಾಗಿ ಓದಲು ಬರುವುದಿಲ್ಲ, ಚಕ್ರ ತಿರುಗಿಸಿದಾಗ ಕ್ಯಾಂಬರ್ ಎಷ್ಟು ಬದಲಾಯಿತು ಎಂಬುದರಿಂದ ಲೆಕ್ಕ ಹಾಕಬೇಕು. ಚಕ್ರವನ್ನು ಆ ಚಕ್ರವಿರುವ ಕಡೆಗೇ 20 ಡಿಗ್ರಿ ತಿರುಗಿಸಿ ಕ್ಯಾಂಬರ್ ಓದಿ. ಅಂದರೆ ಎಡ ಚಕ್ರವಾದರೆ ಎಡಕ್ಕೆ. ನಂತರ ಎದುರು ದಿಕ್ಕಿಗೆ 20 ಡಿಗ್ರಿ ತಿರುಗಿಸಿ ಮತ್ತೆ ಓದಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು 1.46ರಿಂದ ಗುಣಿಸಿ. ಎಡ ಚಕ್ರ ಎಡಕ್ಕೆ ತಿರುಗಿದಾಗ +2.1, ಬಲಕ್ಕೆ ತಿರುಗಿದಾಗ −0.5 ಬಂದರೆ ವ್ಯತ್ಯಾಸ 2.6, ಕ್ಯಾಸ್ಟರ್ ಸುಮಾರು 3.8 ಡಿಗ್ರಿ. 20 ಡಿಗ್ರಿ ಗುರುತಿಗೆ ತಗಡಿನ ಪಕ್ಕದ ನೆಲದ ಮೇಲೆ ಕೋನಮಾಪಕದಿಂದ ಗೆರೆ ಎಳೆದುಕೊಳ್ಳಿ. ತಿರುಗಿಸುವಾಗ ಎಂಜಿನ್ ಚಾಲೂ ಇರಲಿ, ಬ್ರೇಕ್ ಪೆಡಲ್ ಒತ್ತಿ ಹಿಡಿದಿರಿ. ಇಲ್ಲದಿದ್ದರೆ ಚಕ್ರ ಉರುಳಿ ಓದು ಕೆಡುತ್ತದೆ.

ಟೋಗೆ ಟೈರಿನ ಮಧ್ಯದಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಬೇಕು. ಚಕ್ರ ಎತ್ತಿ ತಿರುಗಿಸುತ್ತಾ, ಅಲುಗದಂತೆ ಇಟ್ಟ ಮೊಳೆಯ ತುದಿಯನ್ನು ಸೀಮೆಸುಣ್ಣ ಬಳಿದ ಟೈರಿಗೆ ತಾಗಿಸಿದರೆ ನೇರ ಗೆರೆ ಮೂಡುತ್ತದೆ. ಗಾಡಿಯನ್ನು ಇಳಿಸಿ ಕೆಲವು ಮೀಟರ್ ಮುಂದಕ್ಕೆ ಉರುಳಿಸಿ, ಯಾಕೆಂದರೆ ಜ್ಯಾಕ್‌ನಿಂದ ಇಳಿದ ಟೈರ್ ನೆಲ ಕಚ್ಚಿಕೊಂಡು ಪೂರ್ತಿ ಹರಡಿ ಕೂತಿರುವುದಿಲ್ಲ. ಹಬ್‌ನ ಎತ್ತರದಲ್ಲಿ ಮುಂದೆಯೂ ಹಿಂದೆಯೂ ಎರಡು ಗೆರೆಗಳ ನಡುವಿನ ದೂರ ಅಳೆಯಿರಿ. ಹಿಂದಿನ ಅಳತೆ ಹೆಚ್ಚಿದ್ದರೆ ಟೋ-ಇನ್. ಕೊನೆಯ ಬಾರಿ ಉರುಳಿಸಿದ್ದು ಯಾವಾಗಲೂ ಮುಂದಕ್ಕೇ ಇರಲಿ. ಹಿಂದಕ್ಕೆ ಉರುಳಿಸಿ ನಿಲ್ಲಿಸಿದರೆ ಬುಷ್‌ಗಳು ಎದುರು ದಿಕ್ಕಿಗೆ ಒತ್ತಿಕೊಂಡು ಬೇರೆ ಸಂಖ್ಯೆ ಕೊಡುತ್ತವೆ.

ಎಷ್ಟಿರಬೇಕು

ಕಂಪನಿಯ ಮಿತಿಯೇ ಆರಂಭ. ಅದರೊಳಗೆ ಎತ್ತಿದ, ದೊಡ್ಡ ಟೈರಿನ ಪಿಕಪ್‌ಗೆ ಕ್ಯಾಸ್ಟರ್ ಹೆಚ್ಚಿನ ತುದಿಯಲ್ಲಿರಲಿ. ಸ್ವತಂತ್ರ ಸಸ್ಪೆನ್ಷನ್‌ಗೆ 3–4 ಡಿಗ್ರಿ ಒಳ್ಳೆಯ ಗುರಿ. ಕ್ಯಾಂಬರ್ 0ರಿಂದ −0.5. ಒಟ್ಟು ಟೋ-ಇನ್ 0.1–0.2 ಡಿಗ್ರಿ. 800 ಮಿ.ಮೀ. ವ್ಯಾಸದ ಟೈರಿನಲ್ಲಿ ಅದು 1.4–2.8 ಮಿ.ಮೀ. ವ್ಯತ್ಯಾಸವಾಗುತ್ತದೆ. ಎಡಬಲಗಳ ನಡುವೆ ಕ್ಯಾಸ್ಟರ್ ಆಗಲಿ ಕ್ಯಾಂಬರ್ ಆಗಲಿ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಗಾಡಿ ಎಳೆಯುವುದು ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ, ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ. ಎರಡೂ ಬದಿ 3 ಡಿಗ್ರಿ ಸಮವಾಗಿರುವುದು, ಒಂದು ಬದಿ 4 ಇನ್ನೊಂದು 2.8 ಇರುವುದಕ್ಕಿಂತ ಎಷ್ಟೋ ಮೇಲು.

ತಿದ್ದುವ ಕ್ರಮ: ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ

ಮೊದಲೆರಡರಲ್ಲಿ ಏನೇ ತಿದ್ದಿದರೂ ಟೋ ಬದಲಾಗುತ್ತದೆ, ಟೋ ತಿದ್ದಿದರೆ ಅವು ಹೆಚ್ಚು ಅಲುಗುವುದಿಲ್ಲ. ಹಾಗಾಗಿ ಈ ಕ್ರಮ.

ಹಲವು ಪಿಕಪ್‌ಗಳಲ್ಲಿ ಲೋವರ್ ಆರ್ಮ್‌ನ ಎರಡು ಒಳಬೋಲ್ಟ್‌ಗಳಿಗೆ ಕ್ಯಾಮ್ ಇರುತ್ತದೆ. ಬೋಲ್ಟ್ ತಿರುಗಿಸಿದರೆ ಆರ್ಮ್‌ನ ಆ ಮೂಲೆ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಎರಡನ್ನೂ ಒಂದೇ ಕಡೆ ಸರಿಸಿದರೆ ಬದಲಾಗುವುದು ಮುಖ್ಯವಾಗಿ ಕ್ಯಾಂಬರ್. ಕೆಳಭಾಗ ಹೊರಕ್ಕೆ ಹೋದರೆ ನೆಗೆಟಿವ್, ಒಳಕ್ಕೆ ಬಂದರೆ ಪಾಸಿಟಿವ್. ಮುಂದಿನ ಕ್ಯಾಮ್ ಒಳಕ್ಕೂ ಹಿಂದಿನ ಕ್ಯಾಮ್ ಹೊರಕ್ಕೂ ಸರಿಸಿದರೆ ಆರ್ಮ್ ತಿರುಗಿ ಕೆಳಗಿನ ಬಾಲ್ ಜಾಯಿಂಟ್ ಮುಂದಕ್ಕೆ ಬರುತ್ತದೆ, ಕ್ಯಾಸ್ಟರ್ ಹೆಚ್ಚುತ್ತದೆ. ಮೊದಲು ಕ್ಯಾಸ್ಟರ್‌ಗೆ ಬೇಕಾದಷ್ಟು ಎದುರು ಬದುರು ಸರಿಸಿ, ಆಮೇಲೆ ಎರಡನ್ನೂ ಸಮನಾಗಿ ಸರಿಸಿ ಕ್ಯಾಂಬರ್ ಕೂರಿಸಿ, ಮತ್ತೆ ಕ್ಯಾಸ್ಟರ್ ನೋಡಿ. ಎರಡು ಮೂರು ಸುತ್ತು ಬೇಕಾಗುತ್ತದೆ. ಶುರುಮಾಡುವ ಮುನ್ನ ಕ್ಯಾಮ್‌ನ ಹಳೆಯ ಸ್ಥಾನವನ್ನು ಬಣ್ಣದ ಗೆರೆಯಿಂದ ಗುರುತಿಸಿಕೊಳ್ಳಿ, ಎಲ್ಲಿಂದ ಹೊರಟಿರಿ ಎಂಬುದಾದರೂ ಗೊತ್ತಿರಲಿ.

ಹಳೆಯ ಗಾಡಿಯಲ್ಲಿ ಕ್ಯಾಮ್ ಬೋಲ್ಟ್ ಬುಷ್‌ನ ಒಳನಳಿಗೆಯೊಂದಿಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ನಟ್ ಸಡಿಲವಾದರೂ ಬೋಲ್ಟ್ ತಿರುಗುವುದಿಲ್ಲ, ಬಲವಂತ ಮಾಡಿದರೆ ರಬ್ಬರ್ ಸಮೇತ ತಿರುಚುತ್ತದೆ. ಒಂದೆರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಂಕಿಯಿಂದ ಕಾಯಿಸಿ ಬಿಡಿಸಲು ಹೋದರೆ ಬುಷ್ ಸುಡುತ್ತದೆ. ಕೆಲವೊಮ್ಮೆ ಬೋಲ್ಟ್ ಕತ್ತರಿಸಿ ತೆಗೆದು ಹೊಸ ಬೋಲ್ಟ್, ಕ್ಯಾಮ್, ಬುಷ್ ಹಾಕದೆ ಬೇರೆ ದಾರಿಯಿಲ್ಲ. ‘ನಿಮ್ಮ ಗಾಡಿಯಲ್ಲಿ ಕ್ಯಾಸ್ಟರ್ ತಿದ್ದಲು ಬರುವುದಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ತುಕ್ಕೇ.

ಕ್ಯಾಮ್ ಕೊನೆ ಮುಟ್ಟಿದ ಮೇಲೂ ಕ್ಯಾಸ್ಟರ್ 2 ಡಿಗ್ರಿಗಿಂತ ಮೇಲೇರದಿದ್ದರೆ, ಅಥವಾ ಕ್ಯಾಸ್ಟರ್ ತಂದಾಗ ಕ್ಯಾಂಬರ್ ಕೈತಪ್ಪಿದರೆ, ಬೇರೆ ಅಪ್ಪರ್ ಆರ್ಮ್ ಬೇಕು. ಲಿಫ್ಟ್‌ಗೆಂದೇ ಮಾಡಿದ ಆರ್ಮ್‌ಗಳಲ್ಲಿ ಬಾಲ್ ಜಾಯಿಂಟ್ ಅನ್ನು ಕಂಪನಿಯ ಜಾಗಕ್ಕಿಂತ ಹಿಂದೆ ಕೂರಿಸಿರುತ್ತಾರೆ. ಕೆಳಮುಖವಾದ ಕೋನಕ್ಕೆ ಹೊಂದುವಂತೆ ಜಾಯಿಂಟನ್ನೂ ಓರೆಯಾಗಿಟ್ಟಿರುತ್ತಾರೆ. ಆಗ ಕ್ಯಾಮ್‌ಗಳು ಮತ್ತೆ ನಡುವಿನ ಸ್ಥಾನಕ್ಕೆ ಬರುತ್ತವೆ, ಎರಡೂ ಕಡೆ ತಿದ್ದಲು ಜಾಗ ಸಿಗುತ್ತದೆ. 50 ಮಿ.ಮೀ. ದಾಟಿದ ಲಿಫ್ಟ್‌ಗೆ ಇದು ಮೊದಲೇ ಲೆಕ್ಕದಲ್ಲಿರಬೇಕಾದ ಖರ್ಚು. ಒಂದು ಎಚ್ಚರಿಕೆ: ಮೇಲಿನ ಜಾಯಿಂಟ್ ಹಿಂದೆ ಸರಿದರೆ ಚಕ್ರವೂ ಕೊಂಚ ಹಿಂದೆ ಸರಿದು ದೊಡ್ಡ ಟೈರ್ ವೀಲ್ ಆರ್ಚ್‌ನ ಹಿಂಭಾಗಕ್ಕೆ ತಾಗಬಹುದು. ಲೋವರ್ ಆರ್ಮ್‌ನಿಂದ ಕ್ಯಾಸ್ಟರ್ ತಂದರೆ ಚಕ್ರ ಮುಂದಕ್ಕೆ ಹೋಗಿ ಬಂಪರ್ ಮೂಲೆಗೆ ತಾಗುತ್ತದೆ. ಟೈರ್ ಎಲ್ಲಿ ತಾಗುತ್ತಿದೆ ಎಂದು ನೋಡಿ ದಾರಿ ಆರಿಸಿ. ಹೊಸ ಆರ್ಮ್ ಹಾಕಿದ ಮೇಲೆ ಚಕ್ರ ಪೂರ್ತಿ ತೂಗಿಸಿ, ಆರ್ಮ್‌ಗೂ ಸ್ಪ್ರಿಂಗ್‌ಗೂ ನಡುವೆ ಬೆರಳು ತೂರುವಷ್ಟಾದರೂ ಜಾಗವಿದೆಯೇ ನೋಡಿ.

ಈಗ ಟೋ. ಸ್ಟೀರಿಂಗ್ ಅನ್ನು ನೆಟ್ಟಗೆ ಹಿಡಿದು ಅಲುಗದಂತೆ ಕಟ್ಟಿ, ಎರಡೂ ಟೈ ರಾಡ್‌ಗಳ ಲಾಕ್ ನಟ್ ಸಡಿಲಿಸಿ. ರ‍್ಯಾಕ್‌ನ ರಬ್ಬರ್ ಬೂಟ್‌ನ ಕ್ಲಿಪ್ ಬಿಚ್ಚದಿದ್ದರೆ ಬೂಟ್ ತಿರುಚಿ ಹರಿಯುತ್ತದೆ. ಎರಡೂ ಬದಿಗೆ ಸಮನಾಗಿ ತಿರುಗಿಸಿ, ಇಲ್ಲವಾದರೆ ಸ್ಟೀರಿಂಗ್ ಓರೆಯಾಗುತ್ತದೆ. ಎಷ್ಟು ತಿರುಗಿಸಬೇಕು ಎಂಬುದಕ್ಕೆ ಲೆಕ್ಕವಿದೆ. ದಾರದ ಪಿಚ್ 1.5 ಮಿ.ಮೀ., ಸ್ಟೀರಿಂಗ್ ಆರ್ಮ್ 150 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿಗೆ ಆ ಚಕ್ರ ಸುಮಾರು 0.57 ಡಿಗ್ರಿ ತಿರುಗುತ್ತದೆ, 800 ಮಿ.ಮೀ. ಟೈರಿನಲ್ಲಿ 8 ಮಿ.ಮೀ. ಕಾಲು ಸುತ್ತಿಗೆ 2 ಮಿ.ಮೀ. ಅಂದರೆ ಕಾಲು ಸುತ್ತೇ ದೊಡ್ಡ ಬದಲಾವಣೆ. ಲಾಕ್ ನಟ್ ಬಿಗಿಯುವಾಗ ರಾಡ್ ಜೊತೆಗೆ ತಿರುಗದಂತೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಟೋ ಕೂರಿಸಲು ಒಂದು ಬದಿಯ ದಾರ ಇನ್ನೊಂದಕ್ಕಿಂತ ಬಹಳ ಹೊರಬಂದಿದ್ದರೆ ಎಲ್ಲೋ ಏನೋ ಬಾಗಿದೆ, ಅಥವಾ ರ‍್ಯಾಕ್ ನಡುವಿನಲ್ಲಿಲ್ಲ.

ಸಾಲಿಡ್ ಆಕ್ಸಲ್ ಇದ್ದರೆ

ಜಿಮ್ನಿ, ಲ್ಯಾಂಡ್ ಕ್ರೂಸರ್ 80, ರಾಂಗ್ಲರ್‌ನಂಥ ಗಾಡಿಗಳಲ್ಲಿ ಎರಡು ಮುಂಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿರುವುದರಿಂದ ಲಿಫ್ಟ್ ಹಾಕಿದರೂ ಕ್ಯಾಂಬರ್ ಬದಲಾಗುವುದಿಲ್ಲ. ಬದಲಾಗಿದ್ದರೆ ಆಕ್ಸಲ್ ಬಾಗಿದೆ ಅಥವಾ ಜಾಯಿಂಟ್ ಸವೆದಿದೆ. ಕ್ಯಾಸ್ಟರ್ ಮಾತ್ರ ಇನ್ನೂ ಜೋರಾಗಿ ಹೋಗುತ್ತದೆ. ಜಿಮ್ನಿ, ಲ್ಯಾಂಡ್ ಕ್ರೂಸರ್ 80ರಲ್ಲಿ ಆಕ್ಸಲ್ ಎರಡು ರೇಡಿಯಸ್ ಆರ್ಮ್‌ಗಳಿಗೆ ಬಿಗಿಯಾಗಿ ಕೂತಿರುತ್ತದೆ, ಆರ್ಮ್‌ನ ಹಿಂದಿನ ತುದಿ ಚ್ಯಾಸಿಸ್‌ಗೆ. ಚ್ಯಾಸಿಸ್ ಎದ್ದಾಗ ಆ ತುದಿ ಮೇಲೇರಿ, ಆಕ್ಸಲ್ ಮುಂದಕ್ಕೆ ಉರುಳುತ್ತದೆ. ಬುಷ್‌ನಿಂದ ಆಕ್ಸಲ್‌ವರೆಗೆ 800 ಮಿ.ಮೀ. ಇರುವ ಆರ್ಮ್‌ನ ಹಿಂತುದಿ 50 ಮಿ.ಮೀ. ಎದ್ದರೆ ಸುಮಾರು 3.6 ಡಿಗ್ರಿ ತಿರುಗುತ್ತದೆ. ಇರುವ ಕ್ಯಾಸ್ಟರೆಲ್ಲ ಅಲ್ಲಿಗೇ ಮುಗಿಯಬಹುದು.

ಇದಕ್ಕೆ ಮೂರು ದಾರಿಗಳಿವೆ. ರಂಧ್ರ ನಡುವಿನಿಂದ ಸರಿದಿರುವ ಕ್ಯಾಸ್ಟರ್ ಬುಷ್ ಅಗ್ಗ, 2–3 ಡಿಗ್ರಿ ಕೊಡುತ್ತದೆ, ಆದರೆ ಪ್ರೆಸ್‌ನಲ್ಲಿ ಹಾಕುವಾಗ ದಿಕ್ಕು ತಪ್ಪಿದರೆ ಉಳಿದದ್ದನ್ನೂ ಕಳೆಯುತ್ತದೆ. ಆರ್ಮ್‌ನ ಚ್ಯಾಸಿಸ್ ತುದಿಯನ್ನು ಕೆಳಗಿಳಿಸುವ ಬ್ರ್ಯಾಕೆಟ್ ಸವಾರಿಗೂ ಒಳ್ಳೆಯದು, ನೆಲದಿಂದ ಎತ್ತರವನ್ನು ಮಾತ್ರ ಸ್ವಲ್ಪ ತಿನ್ನುತ್ತದೆ. ತಿದ್ದಿದ ಕೋನದಲ್ಲೇ ಮಾಡಿದ ಹೊಸ ಆರ್ಮ್ ದುಬಾರಿ, ಬಲವಾದದ್ದು. ರಾಂಗ್ಲರ್‌ನಂಥ ನಾಲ್ಕು ಆರ್ಮ್‌ಗಳ ಜೋಡಣೆಯಲ್ಲಿ ಉದ್ದ ಬದಲಿಸಬಹುದಾದ ಆರ್ಮ್ ಹಾಕಿ, ಕೆಳಗಿನದನ್ನು ಉದ್ದ ಅಥವಾ ಮೇಲಿನದನ್ನು ಗಿಡ್ಡ ಮಾಡುತ್ತಾರೆ. ಯಾವ ದಾರಿಯಲ್ಲೇ ಆಗಲಿ ಆಕ್ಸಲ್ ಹಿಂದಕ್ಕೆ ತಿರುಗಿದರೆ ಡಿಫರೆನ್ಷಿಯಲ್‌ನ ಮೂತಿ ಕೆಳಗಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಹೆಚ್ಚುತ್ತದೆ. 6 ಡಿಗ್ರಿ ಕ್ಯಾಸ್ಟರ್ ತಂದು ಶಾಫ್ಟ್ ನಡುಗುವುದಕ್ಕಿಂತ 4.5ಕ್ಕೆ ನಿಲ್ಲಿಸುವುದು ಜಾಣತನ.

ಲೀಫ್ ಸ್ಪ್ರಿಂಗ್ ಇದ್ದರೆ ಬೆಣೆಯಾಕಾರದ ಶಿಮ್. ಆಕ್ಸಲ್ ಸ್ಪ್ರಿಂಗ್‌ನ ಮೇಲೆ ಕೂತಿದ್ದರೆ ದಪ್ಪ ತುದಿ ಮುಂದಕ್ಕೆ, ಸ್ಪ್ರಿಂಗ್ ಆಕ್ಸಲ್‌ನ ಮೇಲಿದ್ದರೆ ದಪ್ಪ ತುದಿ ಹಿಂದಕ್ಕೆ. ಉಕ್ಕಿನದೇ ತನ್ನಿ, ಅಲ್ಯೂಮಿನಿಯಂ ಶಿಮ್ ಭಾರಕ್ಕೆ ಜಜ್ಜಿಹೋಗುತ್ತದೆ. ಶಿಮ್‌ನ ದಪ್ಪಕ್ಕೆ ತಕ್ಕ ಉದ್ದದ ಸೆಂಟರ್ ಬೋಲ್ಟ್ ಹಾಕದಿದ್ದರೆ ಆಕ್ಸಲ್ ಜಾರುತ್ತದೆ.

ಕಾಯಿಲ್ ಸ್ಪ್ರಿಂಗ್‌ನ ಆಕ್ಸಲ್ ಅನ್ನು ಎಡಬಲಕ್ಕೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್. ಲಿಫ್ಟ್‌ನಿಂದ ಅದು ಇಳಿಜಾರಾದಾಗ ಆಕ್ಸಲ್ ಅನ್ನು ರಾಡ್‌ನ ಚ್ಯಾಸಿಸ್ ತುದಿಯ ಕಡೆಗೆ ಎಳೆಯುತ್ತದೆ. 850 ಮಿ.ಮೀ. ರಾಡ್‌ನ ಎರಡು ತುದಿಗಳ ಎತ್ತರದ ಅಂತರ 100ರಿಂದ 150 ಮಿ.ಮೀ.ಗೆ ಏರಿದರೆ ಆಕ್ಸಲ್ ಸುಮಾರು 7 ಮಿ.ಮೀ. ಸರಿಯುತ್ತದೆ. ಉದ್ದ ಬದಲಿಸಬಹುದಾದ ರಾಡ್‌ನಿಂದ ನಡುವಿಗೆ ತಂದು, ಆಮೇಲೆ ಡ್ರ್ಯಾಗ್ ಲಿಂಕ್‌ನಿಂದ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು) ಸ್ಟೀರಿಂಗ್ ನೇರ ಮಾಡಿ. ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಮುಂದಿನಿಂದ ನೋಡಿದಾಗ ಸಮಾಂತರವಾಗಿರಬೇಕು. ಒಂದನ್ನು ಮಾತ್ರ ಬ್ರ್ಯಾಕೆಟ್‌ನಿಂದ ಇಳಿಸಿದರೆ ಬಂಪ್ ಸ್ಟಿಯರ್ ಮೈಮೇಲೆ ಎಳೆದುಕೊಂಡಂತೆ. ಎರಡು ಚಕ್ರಗಳನ್ನು ನೇರವಾಗಿ ಸೇರಿಸುವ ಟೈ ರಾಡ್ ಇದ್ದರೆ ಲಿಫ್ಟ್‌ನಿಂದ ಟೋ ಕೆಡುವುದಿಲ್ಲ. ಕೆಲವು ಹಳೆಯ ಜೀಪ್‌ಗಳಲ್ಲಿ ಟೈ ರಾಡ್ ಡ್ರ್ಯಾಗ್ ಲಿಂಕ್‌ಗೆ ಜೋಡಿಸಿರುವುದರಿಂದ ಅವುಗಳಲ್ಲಿ ಟೋ ಮತ್ತೆ ಕೂರಿಸಬೇಕು. ಇಲ್ಲಿ ರಾಡ್‌ನ ಉದ್ದ ಬದಲಿಸುವ ಕೊಳವೆಯ ಎರಡು ತುದಿಗೂ ಎದುರು ದಿಕ್ಕಿನ ದಾರವಿದ್ದರೆ ಒಂದು ಸುತ್ತಿಗೆ ಉದ್ದ ಪಿಚ್‌ನ ಎರಡರಷ್ಟು ಬದಲಾಗುತ್ತದೆ, ನೆನಪಿರಲಿ.

ಹಳ್ಳಕ್ಕೆ ಬಿದ್ದಾಕ್ಷಣ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಅದುರಿ, ಗಾಡಿ ನಿಲ್ಲಿಸುವವರೆಗೂ ಬಿಡದಿದ್ದರೆ ಮೊದಲು ನೋಡಬೇಕಾದ್ದು ಪ್ಯಾನ್‌ಹಾರ್ಡ್ ರಾಡ್‌ನ ಬುಷ್ ಮತ್ತು ಬೋಲ್ಟ್ ರಂಧ್ರ. ನಂತರ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಟೈರ್ ಬ್ಯಾಲೆನ್ಸ್, ಕ್ಯಾಸ್ಟರ್. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗ್ ಎಡಬಲಕ್ಕೆ ಬೇಗಬೇಗ ಅಲುಗಿಸಲಿ, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಜಾಯಿಂಟ್ ಗಮನಿಸಲಿ. ದಪ್ಪನೆಯ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ರೋಗ ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಮುಗಿಸಿದ ಮೇಲೂ ತೊಂದರೆ ಇದ್ದರೆ

ಟೋ ಸರಿಯಿದೆ, ಗಾಡಿಯೂ ನೇರ ಹೋಗುತ್ತದೆ, ಆದರೆ ಸ್ಟೀರಿಂಗ್ ಓರೆ: ಹಿಂದಿನ ಆಕ್ಸಲ್ ನೋಡಿ. ಹಿಂದೆ ಬ್ಲಾಕ್ ಹಾಕುವಾಗ ಸೆಂಟರ್ ಬೋಲ್ಟ್ ತನ್ನ ಕುಳಿಯಲ್ಲಿ ಕೂರದಿದ್ದರೆ ಆಕ್ಸಲ್ ಓರೆಯಾಗಿ ಗಾಡಿಯನ್ನು ಏಡಿಯಂತೆ ತಳ್ಳುತ್ತದೆ. ಎಡ ಬದಿಯ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ, ಬಲ ಬದಿಯಲ್ಲೂ ಹಾಗೇ ಅಳೆಯಿರಿ. 5 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಹುಡುಕಬೇಕು.

ಟೈರಿನ ಒಳ ಅಂಚು ಮಾತ್ರ ನುಣುಪಾಗಿ ಸವೆದರೆ ನೆಗೆಟಿವ್ ಕ್ಯಾಂಬರ್, ಹೊರ ಅಂಚು ಸವೆದರೆ ಪಾಸಿಟಿವ್. ಕೈಯನ್ನು ಅಡ್ಡಕ್ಕೆ ಸವರಿದಾಗ ಒಂದು ಕಡೆ ನುಣುಪು, ಇನ್ನೊಂದು ಕಡೆ ಚುಚ್ಚಿದಂತಿದ್ದರೆ ಟೋ. ಹೊರಗಿನಿಂದ ಒಳಗೆ ಸವರುವಾಗ ನುಣುಪಿದ್ದು, ಒಳಗಿನಿಂದ ಹೊರಗೆ ಎಳೆಯುವಾಗ ಚುಚ್ಚಿದರೆ ಟೋ-ಇನ್ ಹೆಚ್ಚು. ತಿರುವು ಮುರುವಾದರೆ ಟೋ-ಔಟ್.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ವ್ಯವಸ್ಥೆಯಿರುವ ಗಾಡಿಯಲ್ಲಿ ಟೋ ತಿದ್ದಿದ ಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್‌ನ ಸೊನ್ನೆಯನ್ನು ಸ್ಕ್ಯಾನರ್‌ನಿಂದ ಮತ್ತೆ ಕೂರಿಸಬೇಕಾಗಬಹುದು. ಇಲ್ಲದಿದ್ದರೆ ಎಚ್ಚರಿಕೆ ದೀಪ ಉರಿಯುತ್ತದೆ, ಕೆಲವೊಮ್ಮೆ ತಿರುವಿನಲ್ಲಿ ಗಾಡಿ ತಾನೇ ಬ್ರೇಕ್ ಹಿಡಿಯುತ್ತದೆ. ಗಾಜಿನ ಹಿಂದೆ ಕ್ಯಾಮೆರಾ ಅಥವಾ ಬಂಪರ್‌ನಲ್ಲಿ ರಾಡಾರ್ ಇದ್ದರೆ ಅವಕ್ಕೂ ಹೊಸ ಎತ್ತರ ಕಲಿಸಬೇಕು. ಹೆಡ್‌ಲೈಟ್ ಇಳಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಸ್ಟೀರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ತೂಗಿಸಿ, ಬ್ರೇಕ್ ಹೋಸ್ ಮತ್ತು ಎ.ಬಿ.ಎಸ್. ವೈರ್ ಎಳೆದುಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಕೈಪಿಡಿಯ ಟಾರ್ಕ್‌ನಲ್ಲಿ ಮತ್ತೊಮ್ಮೆ ಕೈಯಾಡಿಸಿ. ಬಿಗಿದ ಕ್ಯಾಮ್ ಮತ್ತು ಚ್ಯಾಸಿಸ್‌ಗೆ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಡಿ. ಕಲ್ಲುದಾರಿಯಲ್ಲಿ ಓಡಿಸಿ ಬಂದ ಮೇಲೆ ಬಗ್ಗಿ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ಕ್ಯಾಮ್ ಜಾರಿದೆ, ಟೈರ್ ಸವೆಯುವವರೆಗೆ ಕಾಯಬೇಕಾಗಿಲ್ಲ. ಬಿಗಿದಷ್ಟೂ ಮತ್ತೆ ಮತ್ತೆ ಜಾರುತ್ತಿದ್ದರೆ ಕ್ಯಾಮ್ ಕೂರುವ ಚ್ಯಾಸಿಸ್ ಮೇಲಿನ ಅಂಚುಗಳು ಬಾಗಿರುತ್ತವೆ. ಅವನ್ನು ನೆಟ್ಟಗೆ ಮಾಡಿ ವೆಲ್ಡ್‌ನಿಂದ ಬಲಪಡಿಸಿದ ಮೇಲೆಯೇ ಮುಂದಿನ ಅಲೈನ್‌ಮೆಂಟ್‌ಗೆ ದುಡ್ಡು ಹಾಕಿ.